ನೆಟ್ಟನೆಯ ಗೋಡೆ

ಈ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಮಾಲಿ ಬಾಲ್ಕನಿಯ ತುಳಸಿಯನ್ನು ದೊಡ್ಡ ಕುಂಡಕ್ಕೆ ಬದಲಾಯಿಸಲು ಬಂದಿದ್ದ. ಹಳೆಯ ಕುಂಡವನ್ನು ಬೋರಲು ಹಾಕಿ ತಟ್ಟಿದ. ಮಣ್ಣು ಕುಂಡದ ಆಕಾರದಲ್ಲೇ ಇಡಿಯಾಗಿ ಹೊರಬಂದು ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಬದಿ ಸಡಿಲಿ ನೆಲದ ಮೇಲೆ ಸುರಿಯಿತು. ಹಸಿ ಮಣ್ಣಿನ ತಣ್ಣನೆಯ ವಾಸನೆ ಬಂತು. ನಾನು ಚಹಾದ ಲೋಟ ಕೆಳಗಿಟ್ಟು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಕ್ಯಾ ಹುವಾ ಅಂಕಲ್?" ಎಂದ ಮಾಲಿ. ಏನೂ ಇಲ್ಲ ಎಂದೆ. ಈ ವಾಸನೆಗೆ ಜನರಿಗೆ ಮೊದಲ ಮಳೆ ನೆನಪಾಗುತ್ತದಂತೆ. ನನಗೆ ಹಾಗಾಗುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿ ಮುಂಬಯಿಗೆ ಬಂದ ನನಗೆ ಚೆಂಬೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಮಣ್ಣು ಪರೀಕ್ಷಿಸುವ ಕೆಲಸ ಸಿಕ್ಕಿತು. ಮುಂಬಯಿಯಲ್ಲಿ ಎಲ್ಲಿಯ ಹೊಲ ಎಂದು ನೀವು ಕೇಳಬಹುದು. ಮಾಟುಂಗದ ನನ್ನ ರೂಮಿನವರೂ ಕೇಳುತ್ತಿದ್ದರು, ಕೇಳಿ ನಗುತ್ತಿದ್ದರು. ಆದರೆ ಆಗ ಉಪನಗರಗಳಲ್ಲಿ ಇನ್ನೂ ತೋಟಗಳಿದ್ದವು. ಪಾಲಕ್, ಬದನೆ, ತೆಂಗು ಬೆಳೆಯುತ್ತಿದ್ದರು. ಎಷ್ಟು ಗೊಬ್ಬರ ಹಾಕಬೇಕು, ಯಾವುದು ಕಡಿಮೆಯಾಗಿದೆ ಎಂದು ತಿಳಿಯಲು ನಮ್ಮಲ್ಲಿಗೆ ಬರುತ್ತಿದ್ದರು. ನಾನು ಬಟ್ಟೆಯ ಚೀಲಗಳಲ್ಲಿ ಮಣ್ಣು ತುಂಬಿಕೊಂಡು ಲೋಕಲ್‌ನಲ್ಲಿ ಓಡಾಡುತ್ತಿದ್ದೆ. ಒಮ್ಮೆ ಟಿಕೆಟ್ ತಪಾಸಣೆಯವನು ಚೀಲ ಬಿಚ್ಚಿಸಿ, ಮೂಸಿ, "ಇಸ್ ಶಹರ್ ಮೇ ಮಿಟ್ಟಿ ಕಮ್ ಹೈ ಕ್ಯಾ?" ಈ ಊರಲ್ಲಿ ಮಣ್ಣಿಗೆ ಬರವೇ ಎಂದು ಕೇಳಿದ್ದ. ರೂಮಿನಲ್ಲಿ ನನ್ನ ಹೆಸರು ಮಣ್ಣಿನ ಡಾಕ್ಟರು. ತಮಾಷೆಗೆ ಇಟ್ಟ ಹೆಸರು, ಆದರೆ ನಾನು ಒಳಗೊಳಗೇ ಅದನ್ನು ನಿಜವೆಂದು ನಂಬಿದ್ದೆ.

ಮಲಾಡಿನಲ್ಲಿ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆಗೆ, ಒಬ್ಬರ ತೋಟದಲ್ಲಿ ಚಿಕ್ಕು ಸಸಿಗಳು ಎರಡು ವರ್ಷ ಸಾಲಾಗಿ ಸತ್ತವು. ಮೇಲಿನ ಮಣ್ಣು ಪರೀಕ್ಷಿಸಿದರೆ ಯಾವ ದೋಷವೂ ಇರಲಿಲ್ಲ. ತರಕಾರಿಗೆ ಒಂದು ಗೇಣು ಆಳದ ಮಣ್ಣು ನೋಡಿದರೆ ಸಾಕು. ಹಣ್ಣಿನ ಮರಕ್ಕೆ ಬೇರಿಳಿಯುವ ಆಳದವರೆಗೂ ಗುಂಡಿ ತೋಡಿ, ಗೋಡೆಯಿಂದ ಪದರ ಪದರವಾಗಿ ಕೆರೆದು ತೆಗೆಯಬೇಕು. ಅದನ್ನೂ ತಳದ ಪದರದಿಂದ ಶುರುಮಾಡಬೇಕು, ಮೇಲಿನದು ಉದುರಿ ಕೆಳಗಿನದರಲ್ಲಿ ಬೆರೆಯಬಾರದು.

ತೋಡಲು ಬಂದವರು ಮೆಹಬೂಬಸಾಬರು, ವಿಜಾಪುರದ ಕಡೆಯವರು. ಬಾವಿ, ಪಾಯ, ಗಟಾರ ಎಲ್ಲ ತೋಡಿದ ಕೈ. ಜೊತೆಗೆ ಅವರ ಹೆಂಡತಿ ಹಜರತಬಿ, ಬುಟ್ಟಿಯಲ್ಲಿ ಮಣ್ಣು ಹೊರಲು. ಮೆಹಬೂಬಸಾಬರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು.

ಮೊಣಕಾಲಾಳ ತೋಡಿದ ಮೇಲೆ ಮೆಹಬೂಬಸಾಬರು ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿದರು. "ಸಾಹೇಬ್ರ, ಇದು ಹುಟ್ಟಿದ ಮಣ್ಣಲ್ರಿ. ತಂದು ಹಾಕಿದ್ದು. ಇದಕ ಹಿಡಿತ ಇಲ್ಲ. ಪಾವಟಿಗಿ ಬಿಟ್ಕೋತ ಇಳೀತೀನ್ರಿ."

ಪಾವಟಿಗೆ ಎಂದರೆ ಮೆಟ್ಟಿಲು. ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸುತ್ತ ಇಳಿಯುವುದು.

"ಮೆಟ್ಟಿಲು ಇಟ್ರೆ ಮೇಲಿನದ್ದು ಅದರ ಮೇಲೆ ಬಿದ್ದು ಸ್ಯಾಂಪಲ್ ಕೆಡ್ತದೆ ಮಾರಾಯ್ರೆ. ಗೋಡೆ ನೆಟ್ಟಗೆ ಬೇಕು. ಪುಸ್ತಕದಲ್ಲಿ ಹಾಗೆ ಉಂಟು," ಎಂದೆ.

ಹಜರತಬಿ ಬುಟ್ಟಿ ಇಳಿಸಿ, "ಪುಸ್ತಕ ಗುಂಡ್ಯಾಗ ಇಳೀತೈತೇನ್ರಿ?" ಎಂದರು. ಗಂಡ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅಳತೆಯ ಪಟ್ಟಿ ಹಿಡಿದು ಗೋಡೆ ಎಲ್ಲಿ ಓರೆಯಾಗಿದೆ ಎಂದು ತೋರಿಸಿದೆ. ತೆಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲೇ ಅಚ್ಚುಕಟ್ಟಾಗಿ ಗುಡ್ಡೆ ಹಾಕಿಸಿದ್ದೂ ನಾನೇ.

ಎದೆಮಟ್ಟ ಆದಾಗ ಅವರು ಇನ್ನೊಮ್ಮೆ, ಈ ಸಲ ಮೇಲೆ ನೋಡದೆ, "ಇನ್ನೂ ನೆಟ್ಟಗಽ ಬೇಕೇನ್ರಿ?" ಎಂದರು. ಬೇಕು ಎಂದೆ.

ಆಳುದ್ದ ಆಯಿತು. ಮೆಹಬೂಬಸಾಬರು ತಳದಲ್ಲಿ ಬಾಗಿ, ಖುರ್ಪಿಯಿಂದ ಕೆರೆದ ಮಣ್ಣನ್ನು ತಟ್ಟೆಗೆ ಹಾಕುತ್ತಿದ್ದರು. ನಾನು ಅಂಚಿನಲ್ಲಿ ಕುಳಿತು ಚೀಟಿ ಬರೆಯುತ್ತಿದ್ದೆ. ಆಗ ನನ್ನ ಚಪ್ಪಲಿಯ ಪಕ್ಕ ಹುಲ್ಲಿನಲ್ಲಿ ಒಂದು ಗೆರೆ ಕಂಡಿತು. ಕೂದಲಿನಷ್ಟು ಸಣ್ಣದು. ಇರುವೆ ಸಾಲು ಅಂದುಕೊಂಡೆ. ತಾರೀಕು ಬರೆದು ಮತ್ತೆ ನೋಡಿದೆ. ಗೆರೆ ದಪ್ಪಗಾಗಿತ್ತು. ಈ ಎರಡು ನೋಟಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ನಾನು ಈಗಲೂ ಎಣಿಸುತ್ತೇನೆ. ಒಮ್ಮೊಮ್ಮೆ ನಾಲ್ಕು ಸೆಕೆಂಡು ಬರುತ್ತದೆ, ಒಮ್ಮೊಮ್ಮೆ ಹತ್ತು. ಎಷ್ಟೇ ಬಂದರೂ "ಮೇಲೆ ಬನ್ನಿ" ಎನ್ನಲು ಸಾಕಾಗುವಷ್ಟೇ ಬರುತ್ತದೆ.

ತಲೆಯ ಮೇಲಿನ ಮೂಟೆಯನ್ನು ನೆಲಕ್ಕೆ ಹಾಕಿದಂಥ ಸದ್ದು. ನಾನು ಹಿಂದಕ್ಕೆ ಬಿದ್ದೆ. ಎದ್ದು ನೋಡಿದಾಗ ಗುಂಡಿ ಅರ್ಧ ತುಂಬಿತ್ತು. ಮಣ್ಣಿನ ಮೇಲೆ ಒಂದು ಮುಖ, ಒಂದು ಕೈ, ಕೈಯಲ್ಲಿ ತಟ್ಟೆ.

ನಾನು ಸಲಿಕೆ ಹಿಡಿದು ಓಡಿದೆ. ಹಜರತಬಿ ಅದನ್ನು ಕಸಿದು ದೂರ ಎಸೆದರು. "ಸಲಿಕಿ ಬಿಡ್ರಿ. ಕಾಲಿಗೆ ಕುತ್ತಿಗಿಗೆ ಬಡೀತೈತಿ. ಅಂಚಿನ ಮ್ಯಾಲ ನಿಲ್ಲಬ್ಯಾಡ್ರಿ. ಆ ಪಂಪಿನ ಮನಿ ಬಾಗಲಾ ಕಿತ್ಕೊಂಡ ಬರ್ರಿ." ಆ ಬಾಗಿಲನ್ನು ಹೇಗೆ ಕಿತ್ತೆನೋ ತಿಳಿಯದು. ಅದನ್ನು ಅಂಚಿಗೆ ಹಾಸಿ ಅವರು ಬೋರಲು ಮಲಗಿದರು. ಪಕ್ಕದಲ್ಲಿ ನಾನೂ ಮಲಗಿದೆ. ಬರಿಗೈಯಲ್ಲಿ ಮೊದಲು ಬಾಯಿಯ ಸುತ್ತ, ಆಮೇಲೆ ಎದೆಯ ಸುತ್ತ ಬಗೆದೆವು. ಅವರು ಗಂಡನ ಕಿವಿಯ ಹತ್ತಿರ ಒಂದೇ ಸಮನೆ ಹೇಳುತ್ತಿದ್ದರು: "ಬಾತಾಂ ನಕ್ಕೋ ಕರೋ, ದಮ್ ಲೇವೋ. ಹೌಳು ಲೇವೋ." ಮಾತಾಡಬೇಡ, ಉಸಿರು ತಗೋ, ಮೆಲ್ಲಗೆ ತಗೋ ಎಂದು. ಪಕ್ಕದ ತೋಟದವರು ಬಂದು ಹಗ್ಗ ಕಟ್ಟಿ ಎಳೆಯೋಣ ಎಂದರು. ಸೊಂಟ ಬಿಡಿಸುವ ತನಕ ಹಗ್ಗ ಮುಟ್ಟಬಾರದು ಎಂದು ಹಜರತಬಿ ಅವರನ್ನು ಗದರಿಸಿ ಬಗೆಯಲು ಕೂರಿಸಿದರು. ಶಾಲೆ ಕಾಣದ ಹೆಂಗಸು. ಮಣ್ಣಿನ ಡಾಕ್ಟರು ಅವರು ಹೇಳಿದಲ್ಲಿ ಬಗೆದ, ಹೇಳಿದಾಗ ನಿಲ್ಲಿಸಿದ.

ಮೆಹಬೂಬಸಾಬರು ಬದುಕಿದರು. ಎರಡು ಪಕ್ಕೆಲುಬು ಮುರಿದಿದ್ದವು. ತಟ್ಟೆಯಲ್ಲಿದ್ದ ಮಣ್ಣನ್ನು ನಾನು ಚೀಲಕ್ಕೆ ಹಾಕಿಕೊಂಡು ಹೋದೆ. ಯಾಕೆಂದು ಕೇಳಬೇಡಿ. ಲ್ಯಾಬಿನಲ್ಲಿ ಏನಾಯಿತೆಂದು ಬರೆದುಕೊಡಲು ಹೇಳಿದಾಗ, ಮಣ್ಣು ಸಡಿಲವಾಗಿದ್ದರಿಂದ ಗೋಡೆ ಕುಸಿಯಿತು ಎಂದು ಬರೆದೆ. ಸುಳ್ಳೇನಲ್ಲ. ಅದರ ಮುಂದೆ ಪೆನ್ನು ಓಡಲಿಲ್ಲ.

ಬಾಳೆಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಹೇಳಬೇಕಾದ ಮಾತನ್ನು ರೈಲಿನಲ್ಲಿ ಹತ್ತು ಸಲ ಕಟ್ಟಿಕೊಂಡಿದ್ದೆ. ಮೆಹಬೂಬಸಾಬರು ನನ್ನನ್ನು ಕಂಡವರೇ, "ಆ ಮಣ್ಣಾಗ ಉಪ್ಪು ಇತ್ತೇನ್ರಿ?" ಎಂದು ಕೇಳಿದರು.

"ಇತ್ತು. ತುಂಬ ಇತ್ತು. ಚಿಕ್ಕು ಬರೋದಿಲ್ಲ ಅಲ್ಲಿ."

"ನಂಗ ಅವತ್ತಽ ಗೊತ್ತಾತ್ರಿ. ಬಾಯಿ ತುಂಬ ಬಿದ್ದಿತ್ತಲ್ಲ." ನಗಲು ಹೋಗಿ ಪಕ್ಕೆ ಹಿಡಿದುಕೊಂಡರು.

ನಾನು, "ಮೆಹಬೂಬಸಾಬ್, ನಾನು ಅವತ್ತು..." ಎಂದು ತೊಡಗಿದೆ.

"ಇರ್ಲಿ ಬಿಡ್ರಿ. ನಾ ಮೆಲ್ಲಕ ಹೇಳಿದ್ನಿ. ಜೋರ್ ಮಾಡಿ ಹೇಳ್ಬೇಕಾಗಿತ್ತು."

ಹಜರತಬಿ ಬಾಳೆಹಣ್ಣು ಸುಲಿಯುತ್ತಿದ್ದರು. ಕೈ ನಿಂತಿತು. ನನ್ನನ್ನೇ ನೋಡಿದರು. ನಾನು ಕಟ್ಟಿಕೊಂಡು ಹೋದ ಮಾತು ಅಲ್ಲೇ ಉಳಿಯಿತು.

ಆಮೇಲೆ ಈ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಗೆರೆ, ಸದ್ದು, ಬಾಗಿಲು, ಹಜರತಬಿಯ ಧೈರ್ಯ, ಉಪ್ಪಿನ ಮಾತು, ಎಲ್ಲವನ್ನೂ ಚೆನ್ನಾಗಿಯೇ ಹೇಳುತ್ತೇನೆ. ಪಾವಟಿಗೆಯನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಇವತ್ತು ಮಾಲಿ ಹೋದ ಮೇಲೆ ಅಡುಗೆಮನೆಗೆ ಹೋಗಿ, ಹೆಂಡತಿ ಹಲವು ಸಲ ಕೇಳಿದ್ದ ಕತೆಯನ್ನೇ ಅವಳಿಗೆ ಮೊದಲಿಂದ ಹೇಳಿದೆ, ಬಿಟ್ಟದ್ದನ್ನು ಸೇರಿಸಿ.

ಅವಳು ಗ್ಯಾಸ್ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. "ಅಂದ್ರೆ, ಅವರು ಮೊದಲೇ ಹೇಳಿದ್ರಾ?"

"ಹೇಳಿದ್ರು," ಎಂದೆ. "ಎರಡು ಸಲ."