ಕೆಂಪು ಬಂದ ತುದಿ

ಪ್ರೋಟೀನ್ ಮಾಡೆಲ್ ಮಾಡುವ ಸಾಫ್ಟ್‌ವೇರ್ ಎಂದರೆ ನನಗೆ ಈಗಲೂ ಕಪ್ಪು ಪರದೆ, ಅದರ ಮೇಲೆ ಟೈಪ್ ಮಾಡಿದ ಕಮಾಂಡುಗಳು. ಮೌಸ್ ಹಿಡಿದು ಗುಂಡಿ ಒತ್ತಿಯೇ ಎಲ್ಲ ಮುಗಿಸುವವರನ್ನು ಕಂಡರೆ ಮೈ ಉರಿಯುತ್ತದೆ. ಭಾಲ್ಕಿಯಲ್ಲಿ ಪಾಠ ಮಾಡುವ ಗೆಳತಿ ಇದಕ್ಕೇ ನನ್ನನ್ನು ಹಳೇ ಕಾಲದ ಟೈಪಿಸ್ಟ್ ಎಂದು ಕಾಡುತ್ತಾಳೆ. ಕಾಡಲಿ.

ನಾನು ಪಾಠ ಮಾಡುವ ಬೀದರಿನ ಕಾಲೇಜಿಗೆ ಔರಾದದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ಇದ್ದಳು. ಮನೆಯಲ್ಲಿ ಕುರಿ ಸಾಕುತ್ತಾರೆ. ಕುರಿಗಳಿಗೆ ಬರುವ ಜ್ವರದ ರೋಗಾಣುವಿನ ಪ್ರೋಟೀನನ್ನೇ ಹಟ ಹಿಡಿದು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಳು. ಅದರ ಆಕಾರ ಊಹಿಸಿ, ಔಷಧ ಎಲ್ಲಿ ಕೂರುತ್ತದೆ ಎಂದು ತೋರಿಸಬೇಕಿತ್ತು. ಆ ಆಕಾರದ ಮಾಡೆಲನ್ನು ಒಂದು ವೆಬ್‌ಸೈಟಿನಲ್ಲಿ ಮಾಡಿಸಿ, ನೇರವಾಗಿ ಲ್ಯಾಬಿನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ಬಸ್ಸಿನಲ್ಲಿ ಕೂತು ಫೋನಿನ ಮೇಲೆ ಬೆರಳಾಡಿಸಿ ಆ ವೆಬ್‌ಸೈಟಿನ ಬೇರೆ ಮಾಡೆಲುಗಳನ್ನು ತಿರುಗಿಸಿ ನೋಡುತ್ತಿದ್ದಳು. ಅಲ್ಲಿ ನೀಲಿ ಎಂದರೆ ನಂಬಬಹುದಾದ ಭಾಗ, ಕಿತ್ತಳೆ ಎಂದರೆ ಬರೀ ಅಂದಾಜು.

ವರದಿ ಕೊಡುವ ಹಿಂದಿನ ದಿನ ಮುಖ ಸಣ್ಣದು ಮಾಡಿಕೊಂಡು ಬಂದಳು. ಔಷಧ ಎಲ್ಲಿಯೂ ಕೂರುತ್ತಿಲ್ಲ, ಪ್ರಾಜೆಕ್ಟ್ ಕೆಟ್ಟಿತು ಎಂದೇ ಬರೆದುಕೊಡುತ್ತೇನೆ ಎಂದಳು. ಲ್ಯಾಬಿನ ಕಂಪ್ಯೂಟರಿನಲ್ಲಿ ನೋಡಿದರೆ ಮಾಡೆಲಿಗೆ ಒಂದು ತುದಿಯೇ ಇಲ್ಲ. ಔಷಧ ಕೂರಬೇಕಾದ ಗುಳಿ ಇದ್ದದ್ದೇ ಆ ತುದಿಯಲ್ಲಿ. ಎಲ್ಲಿ ಹೋಯಿತು ಎಂದು ಗದರಿದೆ.

"ಅದು ಕೆಂಪ ಬಂದಿತ್ತರಿ ಮೇಡಂ, ತೆಗದ್ಬಿಟ್ಟೆ. ನಮ್ಮ ಮನ್ಯಾಗ ಬೆನ್ನಿಗಿ ಕೆಂಪ ಹಚ್ಚಿದ ಕುರಿ ಹಿಂಡಿನ್ಯಾಗ ಉಳಿಯೂದಿಲ್ಲರಿ."

ಮಾರಲು ಬೇರೆ ಮಾಡಿದ ಕುರಿಗೆ ಅವರು ಹಚ್ಚುವ ಗುರುತು ಅದು. ವೆಬ್‌ಸೈಟಿನ ಕಿತ್ತಳೆಯೇ ಕೆಟ್ಟದ್ದು, ಕೆಂಪು ಇನ್ನೂ ಕೆಟ್ಟದ್ದು ಎಂದುಕೊಂಡಿದ್ದಳು. ಲ್ಯಾಬಿನ ಸಾಫ್ಟ್‌ವೇರಿನ ರೀತಿಯೇ ಬೇರೆ. ಅದು ಪ್ರೋಟೀನಿನ ಶುರುವಿಗೆ ನೀಲಿ, ಕೊನೆಗೆ ಕೆಂಪು ಹಚ್ಚುತ್ತದೆ, ಅಷ್ಟೇ. ನಂಬಿಕೆಗೂ ಆ ಬಣ್ಣಕ್ಕೂ ಸಂಬಂಧವಿಲ್ಲ.

ಔರಾದದ ಬಸ್ಸಿಗೆ ಇನ್ನೂ ಹೊತ್ತಿತ್ತು. ವೆಬ್‌ಸೈಟಿನಿಂದ ಪೂರ್ತಿ ಮಾಡೆಲನ್ನು ಮತ್ತೆ ಇಳಿಸಿಕೊಂಡೆವು. ನನ್ನ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ, ಎಷ್ಟು ನಂಬಬಹುದೋ ಅದರ ಪ್ರಕಾರ ಬಣ್ಣ ಹಚ್ಚಿಸಿದೆ. ಕೆಂಪಾಗಿದ್ದ ತುದಿ ನೀಲಿಯಾಯಿತು. ಔಷಧವನ್ನು ಮತ್ತೆ ಇಟ್ಟು ನೋಡಿದಾಗ ಗುಳಿಯಲ್ಲಿ ಸರಿಯಾಗಿ ಕೂತಿತು. ನನಗೂ ಹೋದ ಜೀವ ಬಂದಂತಾಯಿತು.

ಆದರೆ ನೀಲಿ ಕಂಡಿತೆಂದು ಅವಳು ಇಷ್ಟು ದಿನ ನಂಬಿಕೊಂಡಿದ್ದ ಶುರುವಿನ ಭಾಗ ಈಗ ಕಿತ್ತಳೆಯಾಗಿತ್ತು. ಅವಳ ಕೈ ಮೌಸಿನ ಕಡೆ ಹೋಯಿತು. ಇದನ್ನೂ ಕತ್ತರಿಸುತ್ತಾಳೆ ಎಂದುಕೊಂಡೆ. ಅವಳು ಅದನ್ನು ನಿಧಾನವಾಗಿ ತಿರುಗಿಸಿ ನೋಡಿದಳು.

"ಇದನ್ನ ತೆಗಿಯೂದಿಲ್ಲರಿ. ಇದ್ರ ಬಗ್ಗೆ ನಮಗ ಗೊತ್ತಿಲ್ಲ ಅಂತ ಬರೀತೇನಿ."

ಮೌಸ್ ಹಿಡಿದೇ ಹೇಳಿದಳು. ಆ ದಿನ ನನಗೆ ಸಿಟ್ಟು ಬರಲಿಲ್ಲ.