ಎರಡನೆಯ ‘ಬರ್ರಿ’

ಕುಷ್ಟಗಿಯ ದಾಳಿಂಬೆ ನರ್ಸರಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆವು. ಮೊದಲ ಪುಟದ ನೆತ್ತಿಯಲ್ಲಿ ‘ಬರ್ರಿ ಬರ್ರಿ’ ಅಂತಲೇ ಇರಬೇಕೆಂದು ಯಜಮಾನರು ಹೇಳಿದ್ದರು. ತೆರೆದು ನೋಡಿದರೆ ಒಂದೇ ‘ಬರ್ರಿ’. ಫೋನಿನಲ್ಲೇ ರೇಗಿದರು: “ಬಾಗಲಕ್ಕ ಬಂದವರಿಗೆ ಒಂದ ಸಲ ಬರ್ರಿ ಅಂತಾರೇನ್ರಿ? ದವಾಖಾನ್ಯಾಗ ಪಾಳಿ ಕೂಗಿದಂಗಾತು!”

ಆಗ ಕೊಪ್ಪಳದ ಬಾಡಿಗೆ ಕೋಣೆಯೊಂದರಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ, ನಾನು ಮತ್ತು ಹನುಮಸಾಗರದಿಂದ ಬಂದಿದ್ದ ಅವಳು. ಅವಳು ಆ ಕೋಣೆ ಬಿಟ್ಟು ಎಲ್ಲೂ ಹೋಗಬಾರದೆಂಬುದು ನನ್ನ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಪುಟದ ಅಚ್ಚನ್ನು ಒಮ್ಮೆ ಬರೆದಿಟ್ಟು, ಬೇಕಾದ ಮಾತುಗಳನ್ನು ಅದರಲ್ಲಿ ತುಂಬಿಸುವ ಟೆಂಪ್ಲೇಟ್ ಲೈಬ್ರರಿ ನನ್ನದೇ ಕೈಕೆಲಸ. ಅದರ ಬಗ್ಗೆ ಜಂಭ ಬೇರೆ. ಹಾಗಾಗಿ ಎರಡು ದಿನ ಫಾಂಟನ್ನು ಬೈದೆ, ಬ್ರೌಸರನ್ನು ಬೈದೆ, ಯಜಮಾನರ ಹಳೇ ಕಂಪ್ಯೂಟರನ್ನೂ ಬಿಡಲಿಲ್ಲ. ಮೂರನೆಯ ದಿನ ಅವಳು ಸದ್ದಿಲ್ಲದೆ ಲೈಬ್ರರಿಯ ಆಪ್ಟಿಮೈಸೇಶನ್ ಆಫ್ ಮಾಡಿ ಪುಟ ತೆರೆದಳು. ಎರಡನೆಯ ‘ಬರ್ರಿ’ ಬಂದು ಕೂತಿತ್ತು.

ಪುಟ ಬೇಗ ತೆರೆದುಕೊಳ್ಳಲೆಂದು ನಾನೇ ಹಾಕಿದ್ದ ನಿಯಮ ಅದು. ಒಂದೇ ತುಣುಕು ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಎರಡನೆಯದನ್ನು ಕೈಬಿಡು.

“ಹೇಳಿದ್ದನ್ನ ಮತ್ತ ಹೇಳೂದು ದಂಡ ಅಲ್ಲೇನ್ರಿ?” ಎಂದೆ.

“ದಂಡ ಹೆಂಗಾಗ್ತೈತ್ರಿ? ಮೊದಲನೇದು ರಿವಾಜಿಗೆ ಅಂತೀವಿ. ಎರಡನೇದು ಮನಸಿನಿಂದ ಅಂತೀವಿ.”

ನಾನು ನಕ್ಕು ಆ ನಿಯಮ ಅಳಿಸಿದೆ. ಇಬ್ಬರೂ ಹೋಗಿ ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಅಂಥ ಮಧ್ಯಾಹ್ನ ನನಗೆ ಮತ್ತೆ ಸಿಕ್ಕಿಲ್ಲ.

ಕೆಲವು ತಿಂಗಳಿಗೆ ಅವಳಿಗೆ ಗಂಗಾವತಿಯಲ್ಲಿ ಸರ್ಕಾರಿ ನೌಕರಿಯಾಯಿತು. ಕೊನೆಯ ದಿನ ಬ್ಯಾಗು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ಕೇಳಿದಳು: “ಹೋಗ್ಲೇನ್ರಿ?”

“ಇರ್ರಿ,” ಎಂದೆ.

ಒಂದು ಕಾಲಿನ ಚಪ್ಪಲಿ ಬಿಟ್ಟಳು. ನನ್ನ ಮುಖವನ್ನೇ ನೋಡುತ್ತ ನಿಂತಳು. ಹೇಳಿಯಾಯಿತಲ್ಲ, ಕೇಳಿಸಿಯೂ ಇದೆ ಎಂದುಕೊಂಡು ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಅವಳು, “ಆತ್ರಿ, ಬಸ್ಸಿನ ಹೊತ್ತಾತು,” ಎಂದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.

ಗಂಗಾವತಿ ದೂರದ ಊರೇನಲ್ಲ. ಆದರೆ ಈಗ ಅವಳಿಗೆ ಅಲ್ಲಿ ಗಂಡ, ಮನೆ, ಮಕ್ಕಳು. ಅವಳು ನನಗೆ ಬೇಕಾಗಿದ್ದಳು, ಇಷ್ಟು ವರ್ಷವಾದರೂ ಬೇಕು. ಅಂದು ಬಾಗಿಲಲ್ಲಿ ಅವಳು ಕಾದು ನಿಂತದ್ದು ಏತಕ್ಕೆಂದು ನನಗೆ ಹೊಳೆದದ್ದು ಬಸ್ಸು ಹೋದ ಮೇಲೆ.