ಕಾಕು ನೋಡಿದ ರುಚಿ

ಹುಮನಾಬಾದಿನಲ್ಲಿ ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಎದುರುಮನೆಯ ಚಿಕ್ಕಮ್ಮ ಯಾವ ಮಾತನ್ನೇ ಆಡಿದರೂ ಕೊನೆಗೆ ಸೆರಗಿನಿಂದ ತುಟಿ ಒರೆಸಿಕೊಂಡು, "ಇರ್ಲಿ ಬಿಡು ತಂಗಿ" ಎನ್ನುತ್ತಿದ್ದರು. ಕಬ್ಬಿನ ಲಾರಿ ಓಡಿಸುತ್ತಿದ್ದ ಗಂಡ ಕುಡಿದು ಕುಡಿದೇ ತೀರಿಹೋದಾಗಲೂ ನನ್ನೆದುರು ಅಷ್ಟನ್ನೇ ಹೇಳಿದ್ದರು.

ಕೆಲವು ವರ್ಷಗಳ ಮೇಲೆ ಅವರ ತಮ್ಮ ಪುಣೆಯಿಂದ ಬಂದ. ಅಲ್ಲಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅವನು ಬಸವಕಲ್ಯಾಣದ ಗೆಳೆಯರಿಗೆಂದು ಮಾವಿನಹಣ್ಣಿನ ಬಿಯರ್ ತಂದಿದ್ದ. ಹೋಟೆಲಿನವರೇ ತಯಾರಿಸಿದ್ದಂತೆ. ನಾನೂ ಅಲ್ಲೇ ಕುಳಿತಿದ್ದೆ. ಬಾಟಲಿ ಕಣ್ಣಿಗೆ ಬಿದ್ದದ್ದೇ ಕಾಕು ಒಳಗಿನಿಂದ ಸ್ಟೀಲ್ ಲೋಟ ತಂದು ಅವನ ಮುಂದಿಟ್ಟರು.

"ಸ್ವಲ್ಪ ಹಾಕು."

"ನಿನಗ್ಯಾಕ ಅಕ್ಕಾ ಇದು?"

"ರುಚಿ ಹ್ಯಾಂಗಿರ್ತದ ನೋಡ್ತೀನಿ."

ಒಂದು ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ವಾಸನಿ ಹಣ್ಣಿಂದು, ಒಳಗ ಕಹಿನೇ ಅದ. ಇಂಥಾದ್ದನ್ನ ದಿನಾ ಹ್ಯಾಂಗ ನುಂಗ್ತಿದ್ರೋ. ಯಾಕ ಕುಡ್ಯಾಕತ್ತೀರಿ ಅಂತ ಜಗಳಾಡಿದೆ ತಂಗಿ. ಏನ್ ಸಂಕಟ ಅದ ಅಂತ ಒಮ್ಮಿನೂ ಕೇಳ್ಲಿಲ್ಲ."

ಕಾಕು ಲೋಟದಲ್ಲಿ ಉಳಿದದ್ದನ್ನು ಪೂರ್ತಿ ಕುಡಿದರು. ಮದುವೆಯಾದಾಗಿನಿಂದ ಎಂದೂ ಬಾಯಿಗೆ ತರದಿದ್ದ ಗಂಡನ ಹೆಸರನ್ನು ಮೆಲ್ಲಗೆ, ಕರೆಯುವಂತೆ, ಹೇಳಿದರು.